ಹುಷಾರಾಗಿರುವುದೆಂದರೇನು?

ಕೆಲವು ಮಾತುಗಳು ನಿತ್ಯದ ಬಳಕೆಯಿಂದಲೇ ಸವೆದು, ಅವುಗಳೊಳಗಿನ ಅರ್ಥ ನಮ್ಮ ಗಮನಕ್ಕೆ ಬಾರದಂತಾಗಿರುತ್ತವೆ. ‘ಹುಷಾರು’ ಎಂಬುದು ಅಂತಹ ಒಂದು ಮಾತು. ಊರಿನಿಂದ ಬಂದ ಬೀಗರನ್ನು ‘ಎಲ್ಲರೂ ಹುಷಾರಾಗಿದ್ದೀರಾ?’ ಎಂದು ವಿಚಾರಿಸುತ್ತೇವೆ. ಅವರು ಹೊರಟು ನಿಂತಾಗ ‘ಹುಷಾರಾಗಿ ಹೋಗಿ ಬನ್ನಿ’ ಎಂದು ಬೀಳ್ಕೊಡುತ್ತೇವೆ. ಮೊದಲನೆಯ ಮಾತಿನಲ್ಲಿ ಹುಷಾರು ಎಂದರೆ ಆರೋಗ್ಯ. ಎರಡನೆಯದರಲ್ಲಿ ಹುಷಾರು ಎಂದರೆ ಎಚ್ಚರ. ಒಂದೇ ಶಬ್ದದಿಂದ ಎರಡನ್ನೂ ಹೇಳುವ ನಾವು ಅವೆರಡಕ್ಕೂ ಇರುವ ಸಂಬಂಧವನ್ನು ಮಾತ್ರ ಮರೆತಿದ್ದೇವೆ. ಆ ಸಂಬಂಧವನ್ನು ಮತ್ತೆ ನೆನಪಿಗೆ ತಂದುಕೊಳ್ಳುವುದು ಇಂದಿನ ಆರೋಗ್ಯದ ದೃಷ್ಟಿಯಿಂದ ಅಗತ್ಯವೆಂಬುದು ನಮ್ಮ ಅಭಿಪ್ರಾಯ.

ಈ ಶಬ್ದ ಮೂಲತಃ ಪಾರಸಿಯದು. ‘ಹೋಶ್’ ಎಂದರೆ ಪ್ರಜ್ಞೆ, ಅರಿವು, ಪ್ರಜ್ಞೆಯುಳ್ಳವನು ‘ಹೋಶಿಯಾರ್’. ಆಡಳಿತ, ಸೈನ್ಯ, ಕಂದಾಯಗಳ ಮಾತುಗಳೊಂದಿಗೆ ಅದು ದಕ್ಷಿಣದ ಭಾಷೆಗಳಿಗೂ ಬಂದಿತು. ಬಂದ ಮೇಲೆ ಒಂದೊಂದು ಭಾಷೆಯೂ ಅದಕ್ಕೆ ತನ್ನದೇ ಆದ ಅರ್ಥಚ್ಛಾಯೆಯನ್ನು ಕೊಟ್ಟಿತು. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಅದು ಜಾಣತನವನ್ನು ಸೂಚಿಸುತ್ತದೆ. ಚೆನ್ನಾಗಿ ಓದುವ ಹುಡುಗ ಮರಾಠಿಯವರಿಗೆ ‘ಹುಶಾರ್’. ತೆಲುಗಿನಲ್ಲಿ ಹುಷಾರು ಎಂದರೆ ಉತ್ಸಾಹ, ಲವಲವಿಕೆ. ತಮಿಳಿನಲ್ಲಿ ‘ಉಷಾರ್’ ಎಂದರೆ ಜಾಗರೂಕತೆ. ಕನ್ನಡವು ಎಚ್ಚರದ ಅರ್ಥವನ್ನು ಉಳಿಸಿಕೊಂಡು ಅದರೊಡನೆ ಆರೋಗ್ಯದ ಅರ್ಥವನ್ನೂ ಸೇರಿಸಿತು. ಜ್ವರ ಬಂದು ಮಲಗಿದವನಿಗೆ ‘ಹುಷಾರಿಲ್ಲ’. ಪಥ್ಯ ಮುಗಿಸಿ ಎದ್ದು ಓಡಾಡಿದರೆ ‘ಹುಷಾರಾದ’. ‘ಹುಷಾರು ತಪ್ಪಿದೆ’ ಎನ್ನುವುದೂ ‘ಎಚ್ಚರ ತಪ್ಪಿದೆ’ ಎನ್ನುವುದೂ ಒಂದೇ ಅಚ್ಚಿನಿಂದ ಬಂದ ಮಾತುಗಳು.

ಅಚ್ಚಗನ್ನಡದ ‘ಎಚ್ಚರ’ವನ್ನು ಪರಿಶೀಲಿಸಿದರೂ ಇದೇ ತಿಳಿವಳಿಕೆ ಸಿಗುತ್ತದೆ. ಹಳಗನ್ನಡದ ‘ಎಳ್ಚತ್ತು’ ಎಂಬುದು ಇಂದಿನ ‘ಎಚ್ಚೆತ್ತು’ ಆಗಿದೆ. ನಿದ್ದೆಯಿಂದ ಎದ್ದಿರುವುದೇ ಅದರ ಮೊದಲ ಅರ್ಥ. ಜೋಪಾನವಾಗಿರುವುದು ಅದರಿಂದ ಬೆಳೆದ ಅರ್ಥ. ಸಂಸ್ಕೃತದ ಜಾಗರಣೆ, ಜಾಗೃತಿ, ಜಾಗರೂಕತೆ ಎಂಬ ಮೂರೂ ಎಚ್ಚರವಾಗಿರುವುದೆಂಬ ಒಂದೇ ಧಾತುವಿನಿಂದ ಹುಟ್ಟಿವೆ. ಇವುಗಳಿಗೆ ಇದಿರಾಗಿ ‘ಜಾಡ್ಯ’ ಎಂಬ ಮಾತನ್ನು ಇಟ್ಟು ನೋಡಬೇಕು. ರೋಗವನ್ನು ಜಾಡ್ಯವೆನ್ನುತ್ತೇವೆ, ಅದು ‘ಜಡ’ ಎಂಬುದರಿಂದ ಬಂದದ್ದು. ಅರಿವಿಲ್ಲದಿರುವುದು, ಅಲುಗದಿರುವುದು, ಮಂದವಾಗಿರುವುದು ಜಡತೆ. ನಮ್ಮ ಹಿರಿಯರ ನುಡಿಯಲ್ಲಿ ರೋಗಕ್ಕೆ ಜಡತೆಯ ಹೆಸರು, ಆರೋಗ್ಯಕ್ಕೆ ಎಚ್ಚರದ ಹೆಸರು. ಆರೋಗ್ಯವೆಂಬುದು ತಾನಾಗಿ ಬಂದು ತಾನಾಗಿ ಹೋಗುವ ಸ್ಥಿತಿಯಲ್ಲ, ನಾವು ಮಾಡುತ್ತಿರಬೇಕಾದ ಕೆಲಸವೆಂಬ ತಿಳಿವು ಈ ಹೆಸರುಗಳಲ್ಲೇ ಅಡಗಿದೆ.

ನೋವಿಲ್ಲದ ಕಾಯಿಲೆಗಳು

ಇಂದು ಹುಷಾರೆಂಬ ಮಾತು ನಮಗೆ ನೆನಪಾಗುವುದು ಅದು ತಪ್ಪಿದಾಗ ಮಾತ್ರ. ಮೈಯಲ್ಲಿ ನೋವಿಲ್ಲದಿದ್ದರೆ, ಊಟ ಸೇರುತ್ತಿದ್ದರೆ, ನಾಲ್ಕು ಹೆಜ್ಜೆ ನಡೆಯಲು ಸಾಧ್ಯವಿದ್ದರೆ ನಾವು ಹುಷಾರಾಗಿದ್ದೇವೆ ಎಂದು ತೀರ್ಮಾನಿಸಿಬಿಡುತ್ತೇವೆ. ಪ್ಲೇಗು, ಕಾಲರಾ, ಸಿಡುಬುಗಳ ಕಾಲಕ್ಕೆ ಈ ಲೆಕ್ಕ ಸಾಕಾಗುತ್ತಿತ್ತು. ಆ ರೋಗಗಳು ತಾವು ಬಂದಿರುವುದನ್ನು ತಾವೇ ಸಾರಿ ಹೇಳುತ್ತಿದ್ದವು. ಈಗ ನಮ್ಮ ಮನೆಗಳನ್ನು ಹೊಕ್ಕಿರುವ ಕಾಯಿಲೆಗಳು ಹಾಗಲ್ಲ. ರಕ್ತದೊತ್ತಡ ಏರಿದಾಗ ಬಹುತೇಕರಿಗೆ ಏನೂ ತಿಳಿಯುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಕಾಯಕಕ್ಕೆ ಅಡ್ಡಿಯಿಲ್ಲ. ವರ್ಷಗಳ ಕಾಲ ಅದು ಸದ್ದಿಲ್ಲದೆ ಮಿದುಳಿನ ರಕ್ತನಾಳಗಳನ್ನೂ ಹೃದಯವನ್ನೂ ಮೂತ್ರಪಿಂಡವನ್ನೂ ಕಣ್ಣಿನ ಅಕ್ಷಿಪಟಲವನ್ನೂ ಸವೆಸುತ್ತದೆ. ಜಗತ್ತಿನಲ್ಲಿ ಅಧಿಕ ರಕ್ತದೊತ್ತಡವುಳ್ಳ ವಯಸ್ಕರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ತಮಗೆ ಅದು ಇದೆಯೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ. ಅವರನ್ನು ಕೇಳಿದರೆ ‘ನಾವು ಹುಷಾರಾಗಿದ್ದೇವೆ’ ಎಂದೇ ಉತ್ತರಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಶಬ್ದದ ಅರ್ಧ ಅರ್ಥವನ್ನು ಮಾತ್ರ ಹೇಳುತ್ತಿದ್ದಾರೆ.

ಆದ್ದರಿಂದ ಹುಷಾರನ್ನು ಮೈಯ ಅನುಭವದಿಂದ ಮಾತ್ರ ಅಳೆಯಲಾಗದು, ಅಳತೆಯಿಂದಲೇ ಅಳೆಯಬೇಕು. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವೈದ್ಯರು ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತಾರೆ. ಅಳೆಯುವುದಕ್ಕೂ ಒಂದು ಕ್ರಮವಿದೆ. ಅರ್ಧ ಗಂಟೆಯ ಮುಂಚಿನಿಂದ ಚಹಾ, ಕಾಫಿ, ತಂಬಾಕು ಇರಬಾರದು. ಬೆನ್ನಿಗೆ ಆಸರೆಯಿರುವಂತೆ, ಪಾದಗಳು ನೆಲಕ್ಕೆ ತಾಗುವಂತೆ ಐದು ನಿಮಿಷ ಮೌನವಾಗಿ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಅಳೆಯುವಾಗ ಮಾತನಾಡಬಾರದು. ಮಧುಮೇಹದಲ್ಲಿ, ರಾತ್ರಿಯ ಊಟದ ನಂತರ ಎಂಟು ಗಂಟೆ ಏನನ್ನೂ ಸೇವಿಸದೆ ಕೊಟ್ಟ ರಕ್ತದಲ್ಲಿ ಸಕ್ಕರೆಯ ಅಂಶ 126 ಮಿಲಿಗ್ರಾಂ ಅಥವಾ ಹೆಚ್ಚು ಇದ್ದರೆ, ಮತ್ತೊಮ್ಮೆ ಪರೀಕ್ಷಿಸಿ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ. ಮೂವತ್ತು ವರ್ಷ ದಾಟಿದ ಎಲ್ಲರಿಗೂ ಈ ಎರಡು ತಪಾಸಣೆಗಳನ್ನು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಜಾರಿಯಲ್ಲಿದೆ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್‌ಗಳ ತಪಾಸಣೆಯೂ ಅದರಲ್ಲಿ ಸೇರಿದೆ.

ಇಲ್ಲಿ ಮತ್ತೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಗುಳಿಗೆ ಆರಂಭಿಸಿ ಎರಡು ತಿಂಗಳಾದ ಮೇಲೆ ಒತ್ತಡ 130/80ಕ್ಕೆ ಇಳಿದುದನ್ನು ಕಂಡು ‘ಈಗ ಹುಷಾರಾಯಿತು’ ಎಂದು ಗುಳಿಗೆ ನಿಲ್ಲಿಸುವವರು ನಮ್ಮ ಭಕ್ತವೃಂದದಲ್ಲಿಯೂ ಬಹಳ ಜನ ಇದ್ದಾರೆ. ಒತ್ತಡ ಇಳಿದಿರುವುದು ಗುಳಿಗೆಯ ಫಲವೇ ಹೊರತು ಗುಳಿಗೆ ಬೇಡವೆಂಬ ಸೂಚನೆಯಲ್ಲ. ಹೊಲಕ್ಕೆ ಬೇಲಿಯಿರುವುದರಿಂದ ದನ ನುಗ್ಗುತ್ತಿಲ್ಲ. ದನ ನುಗ್ಗುತ್ತಿಲ್ಲವೆಂದು ಬೇಲಿ ಕೀಳುವ ರೈತನಿಲ್ಲ. ಗುಳಿಗೆಯನ್ನು ಕಡಿಮೆ ಮಾಡುವ ತೀರ್ಮಾನವನ್ನು ವೈದ್ಯರಿಗೆ ಬಿಡುವುದೇ ವಿವೇಕ.

ಪಾದಗಳ ಜಡತೆ

ಜಾಡ್ಯವೆಂದರೆ ಜಡತೆಯೆಂಬುದು ಅಕ್ಷರಶಃ ನಿಜವಾಗುವ ಒಂದು ಸ್ಥಳ ನಮ್ಮ ದೇಹದಲ್ಲಿದೆ. ಹಲವು ವರ್ಷಗಳ ಮಧುಮೇಹದಿಂದ ನರಗಳು ಬಲಹೀನವಾದಾಗ ಮೊದಲು ಅರಿವು ಕಳೆದುಕೊಳ್ಳುವುದು ಪಾದಗಳು. ಮುಳ್ಳು ಚುಚ್ಚಿದರೂ, ಕಲ್ಲು ಕೊರೆದರೂ, ಬಿಸಿ ಸುಟ್ಟರೂ ತಿಳಿಯುವುದಿಲ್ಲ. ಸಣ್ಣ ಗಾಯ ಕೀವುಗಟ್ಟುತ್ತದೆ, ರಕ್ತಸಂಚಾರವೂ ಕಡಿಮೆಯಿದ್ದರೆ ವಾಸಿಯಾಗುವುದಿಲ್ಲ, ಕಡೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಸ್ಥಿತಿ ಬರುತ್ತದೆ.

ಬರಿಗಾಲಿನ ನಡಿಗೆ ನಮ್ಮ ಸಂಪ್ರದಾಯದಲ್ಲಿ ಗೌರವದ ಗುರುತು. ಜಾತ್ರೆಯ ಕಾಲದಲ್ಲಿ ಬೇಸಗೆಯ ಮಧ್ಯಾಹ್ನದ ಕಲ್ಲುಚಪ್ಪಡಿಯ ಮೇಲೆ, ಪಾದಯಾತ್ರೆಯಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ಹಿರಿಯರು ಬರಿಗಾಲಿನಲ್ಲಿ ನಡೆಯುತ್ತಾರೆ. ಉಳಿದವರು ಬಿಸಿಗೆ ಬೆಚ್ಚಿ ನೆರಳಿಗೆ ಸರಿಯುತ್ತಾರೆ. ಮಧುಮೇಹಿಗಳಾದ ಹಿರಿಯರು ನೆಮ್ಮದಿಯಿಂದ ನಡೆಯುತ್ತಲೇ ಇರುತ್ತಾರೆ. ನೋಡಿದವರು ಅದನ್ನು ಭಕ್ತಿಯ ಬಲವೆಂದು ಕೊಂಡಾಡುತ್ತಾರೆ. ಅದು ನರಗಳ ಜಡತೆಯಾಗಿರಲೂ ಸಾಧ್ಯವೆಂಬುದನ್ನು ನಾವು ಹೇಳದೆ ಇರಲಾಗದು. ಮಧುಮೇಹವಿರುವವರು ಪಾದರಕ್ಷೆ ಧರಿಸಿ ಯಾತ್ರೆ ಮಾಡಿದರೆ ಭಕ್ತಿಗೆ ಕುಂದಿಲ್ಲ. ಪ್ರತಿ ರಾತ್ರಿ ಪಾದಗಳನ್ನು ತೊಳೆದು, ಬೆರಳುಗಳ ನಡುವೆಯೂ ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಬಗ್ಗಲಾಗದವರಿಗೆ ಮನೆಯವರು ನೋಡಬೇಕು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ಪರೀಕ್ಷಿಸದೆ ಮೊಣಕೈಯಿಂದ ಪರೀಕ್ಷಿಸಬೇಕು. ಅರಿವು ತಪ್ಪಿದ ಅಂಗಕ್ಕೆ ಅರಿವುಳ್ಳ ಕಣ್ಣು ಕಾವಲಾಗಬೇಕು.

ಉಪವಾಸದ ವಿಷಯವೂ ಹೀಗೆಯೇ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಧುಮೇಹದ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ಮಂಕು ಅದರ ಲಕ್ಷಣಗಳು. ಕೂಡಲೇ ಮೂರು ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಬೇಕು. ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ, ಆಸ್ಪತ್ರೆಗೆ ಸೇರಿಸಬೇಕು.

ಗಡಿಯಾರ ನೋಡುವ ಎಚ್ಚರ

ಕೆಲವು ಕಾಯಿಲೆಗಳಲ್ಲಿ ರೋಗಿಯ ಎಚ್ಚರಕ್ಕಿಂತ ಪಕ್ಕದಲ್ಲಿರುವವರ ಎಚ್ಚರವೇ ಮುಖ್ಯ. ಪಾರ್ಶ್ವವಾಯು ಅಥವಾ ಲಕ್ವ ಅಂತಹುದು. ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಾಗ ತನಗೇನಾಗುತ್ತಿದೆ ಎಂಬುದು ಹಲವು ವೇಳೆ ರೋಗಿಗೆ ತಿಳಿಯುವುದೇ ಇಲ್ಲ. ಇದ್ದಕ್ಕಿದ್ದಂತೆ ಮುಖದ ಒಂದು ಬದಿ ಜೋಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಅಥವಾ ಅರ್ಥವಾಗದಂತಾಗುವುದು ಇದರ ಮೂರು ಮುಖ್ಯ ಗುರುತುಗಳು. ನಗಲು ಹೇಳಿ ನೋಡಬೇಕು, ಎರಡೂ ಕೈಗಳನ್ನು ಮೇಲೆತ್ತಲು ಹೇಳಿ ನೋಡಬೇಕು, ಒಂದು ವಾಕ್ಯವನ್ನು ಹೇಳಿಸಿ ನೋಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಕಾಯುವ ಪ್ರಶ್ನೆಯಿಲ್ಲ.

ರಕ್ತದ ಹೆಪ್ಪು ಕಾರಣವಾಗಿದ್ದರೆ ಅದನ್ನು ಕರಗಿಸುವ ಔಷಧಿಯನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಪ್ರಯೋಜನ. ಹೆಪ್ಪೋ ರಕ್ತಸ್ರಾವವೋ ಎಂಬುದು ಸಿ.ಟಿ. ಸ್ಕ್ಯಾನ್‌ನಿಂದಲೇ ತಿಳಿಯಬೇಕಾದ ವಿಷಯವಾದ್ದರಿಂದ ಮನೆಯಲ್ಲಿ ಯಾವ ಗುಳಿಗೆಯನ್ನೂ ಕೊಡಬಾರದು, ನೀರನ್ನೂ ಕುಡಿಸಬಾರದು. ವೈದ್ಯರು ಮೊದಲು ಕೇಳುವ ಪ್ರಶ್ನೆ, ‘ಇವರು ಸರಿಯಾಗಿದ್ದುದನ್ನು ಕೊನೆಯ ಬಾರಿ ನೀವು ನೋಡಿದ್ದು ಎಷ್ಟು ಗಂಟೆಗೆ?’ ಎಂಬುದು. ಆದ್ದರಿಂದ ಲಕ್ಷಣ ಕಂಡ ಕೂಡಲೇ ಗಡಿಯಾರ ನೋಡಿ, 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಬೇಕು.

ನಮ್ಮ ಹಳ್ಳಿಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ‘ಗಾಳಿ ಸೋಕಿದೆ’, ‘ಬಿಸಿಲಿಗೆ ಸುಸ್ತಾಗಿದೆ, ಮಲಗಲಿ’, ‘ಬೆಳಿಗ್ಗೆ ನೋಡೋಣ’ ಎಂಬ ಮಾತುಗಳಲ್ಲಿ ರಾತ್ರಿ ಕಳೆಯುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸಲು ದೂರದ ಊರಿಗೆ ಕರೆದೊಯ್ಯುತ್ತಾರೆ. ಮೂರನೆಯ ದಿನ ಆಸ್ಪತ್ರೆಗೆ ಬಂದಾಗ ಸತ್ತ ಮಿದುಳಿನ ಭಾಗವನ್ನು ಮರಳಿಸುವ ಔಷಧಿ ಯಾವ ವೈದ್ಯರಲ್ಲಿಯೂ ಇರುವುದಿಲ್ಲ. ಹೃದಯಾಘಾತದ ವಿಷಯದಲ್ಲಿ ಇದೇ ಕೆಲಸವನ್ನು ‘ಗ್ಯಾಸ್’ ಎಂಬ ಒಂದು ಮಾತು ಮಾಡುತ್ತಿದೆ. ಎದೆಯ ಮಧ್ಯೆ ಒತ್ತಿದಂತಾಗುವುದು, ಎಡತೋಳು ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು ಕಂಡಾಗ ಗ್ಯಾಸ್ ಎಂದು ಸೋಡಾ ಕುಡಿದು ಮಲಗುವುದು ಅಪಾಯ. ಮಧುಮೇಹಿಗಳಲ್ಲಿ, ವೃದ್ಧರಲ್ಲಿ, ಹೆಣ್ಣುಮಕ್ಕಳಲ್ಲಿ ಎದೆನೋವಿಲ್ಲದೆಯೂ ಹೃದಯಾಘಾತ ಸಂಭವಿಸಬಹುದು. ಪರೀಕ್ಷಿಸಿದ ಮೇಲೆ ಅದು ಗ್ಯಾಸೆಂದೇ ತಿಳಿದರೆ ಸಂತೋಷದಿಂದ ಮನೆಗೆ ಮರಳೋಣ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಎಚ್ಚರವು ಭಯವಲ್ಲ

ಇಷ್ಟನ್ನು ಓದಿದವರಿಗೆ ದಿನವಿಡೀ ಮೈಯನ್ನೇ ಕಾಯುತ್ತ ಕೂರಬೇಕೇ ಎಂಬ ಸಂದೇಹ ಬರಬಹುದು. ಬಾರದು ಎಂಬುದೇ ನಮ್ಮ ವಾದದ ಎರಡನೆಯ ಭಾಗ. ಇಂದು ಎಚ್ಚರವೆಂಬ ಮಾತಿಗೆ ಬಂದಿರುವ ದೊಡ್ಡ ಕೇಡು ಅದು ಭಯದ ಪರ್ಯಾಯಪದವಾಗಿರುವುದು. ಮೊಬೈಲಿನಲ್ಲಿ ಬೆಳಗಾದರೆ ‘ಎಚ್ಚರ!’ ಎಂದು ಆರಂಭವಾಗುವ ಸಂದೇಶಗಳು ಬರುತ್ತವೆ. ಇದನ್ನು ತಿಂದರೆ ಕ್ಯಾನ್ಸರ್, ಅದನ್ನು ಕುಡಿದರೆ ಕಿಡ್ನಿ ಹಾಳು ಎಂದು ಬೆದರಿಸುತ್ತವೆ. ಓದಿದವರು ಒಂದು ಕ್ಷಣ ಬೆಚ್ಚಿ, ಹತ್ತು ಜನರಿಗೆ ಕಳುಹಿಸಿ, ಮರೆಯುತ್ತಾರೆ. ಅದರಿಂದ ಯಾರೊಬ್ಬರೂ ರಕ್ತದೊತ್ತಡ ಪರೀಕ್ಷಿಸಿಕೊಳ್ಳುವುದಿಲ್ಲ. ಇನ್ನು ಕೆಲವರು ಮನೆಯಲ್ಲಿಯೇ ಯಂತ್ರವಿಟ್ಟುಕೊಂಡು ದಿನಕ್ಕೆ ಹತ್ತು ಬಾರಿ ಒತ್ತಡ ನೋಡುತ್ತಾರೆ. ನೋಡಿದ ಆತಂಕದಿಂದಲೇ ಒತ್ತಡ ಏರುತ್ತದೆ. ಏರಿದ್ದನ್ನು ಕಂಡು ಮತ್ತೆ ನೋಡುತ್ತಾರೆ. ಇದು ಎಚ್ಚರವಲ್ಲ, ಎಚ್ಚರದ ವೇಷ ಧರಿಸಿದ ಶಂಕೆ.

ಮನುಷ್ಯನ ಎಚ್ಚರಕ್ಕೆ ಒಂದು ಮಿತಿಯಿದೆ ಎಂಬುದನ್ನು ಅಳೆದು ತೋರಿಸಿದ ಪ್ರಸಿದ್ಧ ಪ್ರಯೋಗವೊಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರಾಡಾರ್ ಪರದೆಗಳನ್ನು ಕಾಯುತ್ತ ಕುಳಿತವರು ಸಮಯ ಕಳೆದಂತೆ ಗುರುತುಗಳನ್ನು ಕಾಣದೆ ಬಿಡುತ್ತಿದ್ದರು. ಇದರ ಕಾರಣವನ್ನು ತಿಳಿಯಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ಬಗೆಯ ಗಡಿಯಾರವನ್ನು ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತಿತ್ತು. ಅಪರೂಪಕ್ಕೊಮ್ಮೆ ಎರಡು ಹೆಜ್ಜೆಯಷ್ಟು ಒಟ್ಟಿಗೆ ಜಿಗಿಯುತ್ತಿತ್ತು. ಆ ಜಿಗಿತವನ್ನು ಗುರುತಿಸುವುದಷ್ಟೇ ಕೆಲಸ. 1948ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ಮೊದಲ ಅರ್ಧ ಗಂಟೆ ಕಳೆಯುತ್ತಲೇ ನುರಿತವರ ಗಮನವೂ ಕುಸಿಯುತ್ತಿತ್ತು. ಆದರೆ ಅರ್ಧ ಗಂಟೆ ಕಾವಲು, ಅರ್ಧ ಗಂಟೆ ವಿಶ್ರಾಂತಿ ಎಂದು ಸರದಿ ಮಾಡಿದಾಗ ಗಮನ ಕುಸಿಯಲಿಲ್ಲ. ಬಿಡುವಿಲ್ಲದ ಎಚ್ಚರ ಬಹಳ ಹೊತ್ತು ನಿಲ್ಲದು. ಬಿಡುವುಳ್ಳ ಎಚ್ಚರ ನಿಲ್ಲುತ್ತದೆ.

ಈ ಸತ್ಯವೂ ನಮ್ಮ ನುಡಿಯಲ್ಲಿ ಮೊದಲೇ ಇದೆ. ಹಳೆಯ ಮೈಸೂರಿನ ಕಡೆಯವರು ‘ಹುಷಾರಾಗಿದ್ದೀರಾ?’ ಎಂದು ಕೇಳುವಲ್ಲಿ ಉತ್ತರ ಕರ್ನಾಟಕದ ನಮ್ಮ ಬಂಧುಗಳು ‘ಆರಾಮ ಅದೀರೇನ್ರಿ?’ ಎನ್ನುತ್ತಾರೆ, ಕಾಯಿಲೆಯಾದರೆ ‘ಆರಾಮಿಲ್ಲ’ ಎನ್ನುತ್ತಾರೆ. ಆರಾಮವೂ ಪಾರಸಿಯಿಂದಲೇ ಬಂದ ಮಾತು. ವಿಶ್ರಾಂತಿ, ನೆಮ್ಮದಿ ಅದರ ಅರ್ಥ. ಒಂದು ಸೀಮೆ ಆರೋಗ್ಯವನ್ನು ಎಚ್ಚರವೆಂದು ಕರೆದರೆ ಇನ್ನೊಂದು ಸೀಮೆ ನೆಮ್ಮದಿಯೆಂದು ಕರೆಯಿತು. ಎರಡನ್ನೂ ಸೇರಿಸಿದರೆ ಆರೋಗ್ಯದ ಪೂರ್ಣ ಲಕ್ಷಣ ಸಿಗುತ್ತದೆ. ನೋಡಬೇಕಾದ ದಿನ ನೋಡಬೇಕು, ಬರೆದಿಡಬೇಕು, ಮಾಡಬೇಕಾದುದನ್ನು ಮಾಡಬೇಕು. ಉಳಿದ ದಿನಗಳಲ್ಲಿ ಅದನ್ನು ಮರೆತು ನೆಮ್ಮದಿಯಿಂದ ಕಾಯಕದಲ್ಲಿ ತೊಡಗಬೇಕು. ಸಮಯ ಗೊತ್ತುಮಾಡಿದ ಎಚ್ಚರವು ಮನಸ್ಸಿಗೆ ಭಾರವಾಗುವುದಿಲ್ಲ.

ಜಾಗರಣೆಯ ಮರುದಿನ

ನೆಮ್ಮದಿಯ ಮಾತು ಬಂದ ಮೇಲೆ ನಿದ್ದೆಯ ವಿಷಯವನ್ನು ಹೇಳಲೇಬೇಕು. ಎಚ್ಚರಕ್ಕೆ ನಿದ್ದೆ ಶತ್ರುವಲ್ಲ, ತಾಯಿ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ನೂರು ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿರುವವರಷ್ಟು ಕುಗ್ಗುತ್ತದೆ. ನಮ್ಮ ದೇಶದ ಮೋಟಾರು ವಾಹನ ಕಾನೂನು ಚಾಲಕರಿಗೆ ವಿಧಿಸಿರುವ ಮಿತಿ 30 ಮಿಲಿಗ್ರಾಂ ಮಾತ್ರ. ಮದ್ಯವನ್ನು ಮುಟ್ಟದ ಸಾತ್ವಿಕರೂ ನಿದ್ದೆಗೆಟ್ಟು ವಾಹನ ನಡೆಸಿದಾಗ ಕುಡಿದವರಷ್ಟೇ ಅಪಾಯಕಾರಿಗಳಾಗುತ್ತಾರೆ.

ಶಿವರಾತ್ರಿಯ ಜಾಗರಣೆ ಮುಗಿಸಿ ಬೆಳಗಿನ ಜಾವದಲ್ಲಿಯೇ ಕಾರು, ದ್ವಿಚಕ್ರವಾಹನಗಳಲ್ಲಿ ಊರಿಗೆ ಹೊರಡುವುದು, ರಥೋತ್ಸವ ಮುಗಿಸಿ ನಡುರಾತ್ರಿಯಲ್ಲಿ ಮಕ್ಕಳುಮರಿಗಳೊಂದಿಗೆ ಹಿಂದಿರುಗುವುದು ನಮ್ಮಲ್ಲಿ ವಾಡಿಕೆಯಾಗಿದೆ. ಎಚ್ಚರವಾಗಿರುವುದೇ ಆ ರಾತ್ರಿಯ ವ್ರತವಾಗಿರುವಾಗ, ಅದರ ಮರುಗಳಿಗೆಯಲ್ಲಿ ಚಕ್ರದ ಹಿಂದೆ ಕುಳಿತು ಎಚ್ಚರ ತಪ್ಪುವುದು ಎಂತಹ ವಿಪರ್ಯಾಸ! ಜಾಗರಣೆ ಮಾಡಿದವರು ಮಲಗಿ ಎದ್ದ ಮೇಲೆಯೇ ಹೊರಡಬೇಕು, ಇಲ್ಲವೇ ನಿದ್ದೆ ಮಾಡಿದ ಚಾಲಕರನ್ನು ಕರೆತರಬೇಕು. ಮಠಗಳು ಪ್ರಸಾದ ನಿಲಯದಲ್ಲೋ ಸಮುದಾಯ ಭವನದಲ್ಲೋ ನಾಲ್ಕು ಗಂಟೆ ಮಲಗುವ ಏರ್ಪಾಟು ಮಾಡಿ, ಅದನ್ನು ಧ್ವನಿವರ್ಧಕದಲ್ಲಿ ಸಾರಿದರೆ, ಅದೂ ದಾಸೋಹವೇ ಎಂದು ನಾವು ಭಾವಿಸುತ್ತೇವೆ.

ಮನೆಯ ಎಚ್ಚರ ಯಾರದು?

ನಮ್ಮ ಮನೆಗಳಲ್ಲಿ ಎಚ್ಚರದ ಭಾರ ಬಹುಮಟ್ಟಿಗೆ ಒಬ್ಬರ ಮೇಲೆಯೇ ಬಿದ್ದಿದೆ. ಅತ್ತೆಯವರ ಗುಳಿಗೆ, ಮಾವನವರ ಪಥ್ಯ, ಮಕ್ಕಳ ಲಸಿಕೆ, ಯಜಮಾನರ ಸಕ್ಕರೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವವರು ಮನೆಯ ಗೃಹಿಣಿ. ಆಕೆಯ ಹುಷಾರನ್ನು ನೋಡುವವರು ಯಾರು? ‘ನನಗೇನಾಗಿದೆ, ನಾನು ಚೆನ್ನಾಗಿಯೇ ಇದ್ದೇನೆ’ ಎಂದು ಆಕೆ ಹೇಳುತ್ತಾಳೆ, ಮನೆಯವರು ಒಪ್ಪಿಕೊಳ್ಳುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ನಮ್ಮ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತುವಾಗಿನ ಏದುಸಿರು, ನಿತ್ಯದ ಆಯಾಸ, ಬಿಳಿಚಿದ ಕಣ್ಣುರೆಪ್ಪೆ ಇವುಗಳನ್ನು ‘ಕೆಲಸ ಹೆಚ್ಚಾಯಿತು’ ಎಂದು ತಳ್ಳಿಹಾಕಲಾಗುತ್ತದೆ. ಸ್ತನದಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಬಳಿಕ ಕಾಣುವ ರಕ್ತಸ್ರಾವ ಇವುಗಳನ್ನು ಸಂಕೋಚದಿಂದ ಮುಚ್ಚಿಡಲಾಗುತ್ತದೆ. ನೋವಿಲ್ಲವೆಂಬುದು ಅಭಯವಲ್ಲವೆಂದು ಮೇಲೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ. ಮನೆಯ ಗಂಡಸರು ವರ್ಷಕ್ಕೊಮ್ಮೆ ತಾವೇ ಮುಂದಾಗಿ ತಾಯಿಯನ್ನು, ಪತ್ನಿಯನ್ನು, ಸೊಸೆಯನ್ನು ತಪಾಸಣೆಗೆ ಕರೆದೊಯ್ಯಬೇಕು. ಎಲ್ಲರನ್ನು ಕಾಯುವವರನ್ನು ಕಾಯದ ಮನೆ ಎಚ್ಚರವಿರುವ ಮನೆಯಲ್ಲ.

‘ಎಲ್ಲವನ್ನೂ ದೇವರ ಮೇಲೆ ಹಾಕಿದ್ದೇವೆ, ಆದದ್ದಾಗಲಿ’ ಎನ್ನುವ ಭಕ್ತರೂ ಇದ್ದಾರೆ. ಅವರ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಆದರೆ ಆ ಮಾತನ್ನು ಒಪ್ಪಲಾರೆವು. ನಾವು ಬಿತ್ತನೆಯನ್ನು ದೇವರ ಮೇಲೆ ಹಾಕಿ ಮಲಗುವುದಿಲ್ಲ. ಹದ ನೋಡಿ ಬಿತ್ತಿ, ಆಮೇಲೆ ಮಳೆಗಾಗಿ ಪ್ರಾರ್ಥಿಸುತ್ತೇವೆ. ಕಾಯಕಕ್ಕೆ ಆಧಾರವಾದ ಕಾಯವನ್ನು ಕಾಯುವುದೂ ಕಾಯಕದ ಭಾಗ. ಕೈಲಾಗುವುದನ್ನು ಮಾಡದೆ ಆಡುವ ಶರಣಾಗತಿಯ ಮಾತು ಹಲವು ವೇಳೆ ಜಡತೆಯ ಇನ್ನೊಂದು ಹೆಸರಾಗಿರುತ್ತದೆ.

ಮಠಗಳಲ್ಲಿ ಜಾತ್ರೆಯ ಅಂಗವಾಗಿ ಆರೋಗ್ಯ ತಪಾಸಣಾ ಶಿಬಿರಗಳು ನಡೆಯುತ್ತವೆ. ಅದು ಸ್ತುತ್ಯವಾದ ಕಾರ್ಯ. ಆದರೆ ಶಿಬಿರದಲ್ಲಿ ಕೊಟ್ಟ ಚೀಟಿಯನ್ನು ಊರು ಮುಟ್ಟುವ ಮೊದಲೇ ಕಳೆದುಕೊಂಡರೆ ಶಿಬಿರದ ಫಲ ಅಲ್ಲಿಗೇ ಮುಗಿಯಿತು. ಆದ್ದರಿಂದ ಪ್ರತಿಯೊಂದು ಮನೆಯಲ್ಲಿ ಒಂದು ಪುಸ್ತಕವಿರಲಿ ಎಂಬುದು ನಮ್ಮ ಸಲಹೆ. ಅಂಗಡಿಯ ಲೆಕ್ಕಕ್ಕೂ ಹಾಲಿನ ಲೆಕ್ಕಕ್ಕೂ ಪುಸ್ತಕವಿಡುವ ನಮಗೆ ಇದು ಕಷ್ಟವಲ್ಲ. ಮನೆಯ ಒಬ್ಬೊಬ್ಬರಿಗೆ ಎರಡು ಪುಟ. ರಕ್ತದೊತ್ತಡ, ಸಕ್ಕರೆ, ತೂಕ, ತೆಗೆದುಕೊಳ್ಳುತ್ತಿರುವ ಗುಳಿಗೆಯ ಹೆಸರು, ಮುಂದಿನ ತಪಾಸಣೆಯ ದಿನ. ಒಳಪುಟದಲ್ಲಿ 108 ಎಂಬ ಸಂಖ್ಯೆ, ಸಿ.ಟಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯ ಹೆಸರು, ರಾತ್ರಿಯಲ್ಲಿ ಕರೆದರೆ ಬರುವ ವಾಹನದವರ ದೂರವಾಣಿ. ಕಾಯಿಲೆ ಇಲ್ಲದವರಿಗೆ ವರ್ಷಕ್ಕೊಮ್ಮೆ, ಇರುವವರಿಗೆ ವೈದ್ಯರು ಹೇಳಿದಷ್ಟು ಬಾರಿ ಅದನ್ನು ತೆರೆದು ಬರೆದರೆ ಸಾಕು. ಉಳಿದ ಕಾಲವೆಲ್ಲ ಅದು ಮುಚ್ಚಿರಲಿ, ಮನಸ್ಸು ಆರಾಮವಾಗಿರಲಿ.

ಮುಂದಿನ ಬಾರಿ ಮನೆಗೆ ಬಂದವರು ‘ಹುಷಾರಾಗಿದ್ದೀರಾ?’ ಎಂದು ಕೇಳಿದಾಗ ನಾವು ಎಂದಿನಂತೆ ‘ಹೌದು’ ಎಂದೇ ಉತ್ತರಿಸೋಣ. ಆ ‘ಹೌದು’ ಎಂಬುದರಲ್ಲಿ ಮೈಯ ನೆಮ್ಮದಿಯ ಜೊತೆಗೆ, ನೋಡಬೇಕಾದುದನ್ನು ನೋಡಿಕೊಂಡಿದ್ದೇವೆ ಎಂಬ ಅರ್ಥವೂ ಸೇರಿರಲಿ. ಹಾಗೆ ಹೇಳಲಾಗದವರು ಹೆದರಬೇಕಾಗಿಲ್ಲ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಐದು ನಿಮಿಷ ಮೌನವಾಗಿ ಕುಳಿತು ತೋಳನ್ನು ಮುಂದೆ ಚಾಚಿದರಾಯಿತು.